ಗಣಿತದ ದಿನ ಬಂದ ಜ್ವರ

ಧಾರವಾಡದ ನಮ್ಮ ಕಾಲೇಜಿನ ಹೆಡ್ ಕ್ಲಾರ್ಕರು ಶಾಯಿಯಲ್ಲಿ ಅದ್ದಿ ಬರೆಯುವ ಟಾಕಿನ ಮೊನೆಯನ್ನು ಕಿವಿಯ ಹಿಂದಿನ ಕೂದಲಿಗೆ ಒರೆಸುತ್ತಿದ್ದರು. ಅಲ್ಲಿಯ ನರೆಗೂದಲು ಯಾವಾಗಲೂ ನೀಲಿ. ಅರ್ಜಿ ತಂದವರಿಗೆಲ್ಲ ಒಂದೇ ಮಾತು: "ಖರೇ ಎಷ್ಟದ, ಅಷ್ಟ ಬರಿ, ತಮ್ಮಾ."

ಮ್ಯಾಟ್ರಿಕ್ ಗಣಿತದಲ್ಲಿ ಕಾಲೇಜು ಕೇಳಿದಷ್ಟು ಅಂಕ ನನಗೆ ಬಂದಿರಲಿಲ್ಲ. ನಾನು ಅರ್ಜಿ ತಂದ ದಿನವೇ ಪ್ರವೇಶಕ್ಕೆ ಕಡೆಯ ದಿನ. ಪ್ರಿನ್ಸಿಪಾಲರಿಗೆ ಬರೆದ ವಿನಂತಿಯ ಜೊತೆಗೆ, ಪರೀಕ್ಷೆಯ ಹೊತ್ತಿಗೆ ಜ್ವರವಿತ್ತೆಂದು ಓಣಿಯ ವೈದ್ಯರಿಂದ ಚೀಟಿಯನ್ನೂ ಬರೆಸಿ ತಂದಿದ್ದೆ.

ಹೆಡ್ ಕ್ಲಾರ್ಕರು ಚೀಟಿಯನ್ನೋದಿ, ನನ್ನ ಅಂಕಪಟ್ಟಿಯಲ್ಲಿ ಸಂಸ್ಕೃತಕ್ಕೆ ಬಂದಿದ್ದ ಒಳ್ಳೆಯ ಅಂಕವನ್ನು ನೋಡಿದರು. "ಮುಂಜಾನೆ ಗಣಿತಕ್ಕ ಬಂದ ಜ್ವರಾ ಮಧ್ಯಾಹ್ನ ಸಂಸ್ಕೃತಕ್ಕ ಇಳೀತೇನು?"

"ಒಂದ ಭೂಮಿತಿ ಲೆಕ್ಕದ ಹಿಂದ ಬಿದ್ದೆರಿ, ರಾಯರ. ಅದರಾಗನ ವ್ಯಾಳ್ಯಾ ಹೋತು."

"ಹಂಗಂತನ ಬರಿ." ಚೀಟಿಯನ್ನು ಡ್ರಾವರಿಗೆ ಹಾಕಿ, ಟಾಕು ಒರೆಸಿ ನನ್ನ ಕೈಗಿತ್ತರು.

ಹಾಗೆಯೇ ಬರೆದೆ. ಅವರು ಅದನ್ನು ಒಳಗೆ ಪ್ರಿನ್ಸಿಪಾಲರ ಬಳಿಗೆ ಒಯ್ದರು. ಕದ ಮುಚ್ಚಿತು. ಕಟ್ಟೆಯ ಮೇಲೆ ಕೂಡಲೂ ಆಗದೆ ನಿಂತೇ ಇದ್ದೆ. ಕೊನೆಗೆ ಅವರೇ ಹೊರಬಂದು, "ಆ ಲೆಕ್ಕಾ ಆಮ್ಯಾಲರೆ ಬಿಡಿಸಿದ್ಯೇನಂತ ಸಾಹೇಬ್ರು ಕೇಳ್ತಾರ" ಎಂದರು.

ಹೌದೆನ್ನಲು ಬಾಯಿ ತೆರೆದೆ. ಕಿವಿಯ ಹಿಂದಿನ ಆ ನೀಲಿ ಕಂಡಿತು.

"ಇಲ್ರಿ. ಇವತ್ತಿಗೂ ಬಂದಿಲ್ಲ."

ಅವರು ಮತ್ತೆ ಒಳಗೆ ಹೋದರು. ಮರಳಿ ಬಂದಾಗ ಅರ್ಜಿಯ ಮೇಲೆ ಸಾಹೇಬರ ಸಹಿ ಇತ್ತು. ಡ್ರಾವರಿನಿಂದ ವೈದ್ಯರ ಚೀಟಿ ತೆಗೆದು ಅದರ ಮೇಲಿಟ್ಟು ಕೊಟ್ಟರು.

"ಇದನ್ನೂ ಇಟ್ಕೋ, ತಮ್ಮಾ. ಖರೇನ ಜ್ವರಾ ಬಂದಾಗ ಬೇಕಾದೀತು."