ಬಡಗು ಗೋಡೆಯ ಬಿಳುಪು

ಬೀದಿಯವರಿಗೆಲ್ಲ ಅವರು ಸುಣ್ಣದಣ್ಣ. ಹೆಂಡತಿಗೆ ಎದುರಿಗೆ ‘ರೀ’, ಪಕ್ಕದ ಮನೆಯವರ ಹತ್ತಿರ ಮಾತಾಡುವಾಗ ‘ನಮ್ಮನೆ ಕೊಕ್ಕರೆ’. ಆ ಹೆಸರು ಸುಳ್ಳಲ್ಲ. ಉದ್ದನೆಯ ಸಣಕಲು ಕಾಲು, ಏಣಿಯ ಮೇಲೆ ಒಂದನ್ನು ಮಡಚಿ ಇನ್ನೊಂದರ ಮೇಲೆ ಗಂಟೆಗಟ್ಟಲೆ ನಿಲ್ಲುವ ಅಭ್ಯಾಸ, ತಲೆಯಿಂದ ಕಾಲಿನವರೆಗೆ ಬಿಳಿ ಚುಕ್ಕೆ.

ನಲವತ್ತೈದು ವರ್ಷ ಅವರು ಗೋಡೆಗಳಿಗೆ ಸುಣ್ಣ ಬಳಿದರು. ಡಬ್ಬದ ಬಣ್ಣಗಳ ಕಾಲ ಬಂದ ಮೇಲೆ ಅದನ್ನೂ ಬಳಿದರು. ಆದರೆ ಅದು ಹೊಟ್ಟೆಪಾಡು, ಸುಣ್ಣ ಮಾತ್ರ ವಿದ್ಯೆ. ಸುಣ್ಣದ ಕಲ್ಲನ್ನು ತೊಟ್ಟಿಯ ನೀರಿಗೆ ಹಾಕಿ, ಅದು ಕೊತಕೊತ ಕುದಿದು ತಣ್ಣಗಾದ ಮೇಲೂ ಒಂದು ತಿಂಗಳು ಮುಟ್ಟುತ್ತಿರಲಿಲ್ಲ. ಆಮೇಲೆ ಹಳೆಯ ಬಟ್ಟೆಯಲ್ಲಿ ಸೋಸಿ, ಚಿಟಿಕೆ ನೀಲಿ ಬೆರೆಸಿ, ಹೆಬ್ಬೆರಳ ಉಗುರಿನ ಮೇಲೆ ಒಂದು ತೊಟ್ಟು ಬಿಟ್ಟುಕೊಂಡು ಒಣಗುವುದನ್ನು ಕಾಯುತ್ತಿದ್ದರು. ಉಗುರಿನ ಗೆರೆ ಕಂಡರೆ ಇನ್ನೂ ನೀರು ಹೆಚ್ಚು. ಯಾರ ಮನೆಗೆ ಹೋದರೂ ‘ಚೆನ್ನಾಗಿದೀರಾ’ ಎನ್ನುವ ಮೊದಲು ಅಂಗೈಯಿಂದ ಅವರ ಗೋಡೆ ಸವರುವರು. ಮಗಳನ್ನು ಕೊಟ್ಟ ಬೀಗರ ಮನೆಗೆ ಮೊದಲ ಸಲ ಹೋದಾಗಲೂ ಹಾಗೆಯೇ ಸವರಿ, “ಇದನ್ನ ಯಾರು ಬಳಿದಿದ್ದು, ಕಣ್ಣು ಕಾಣದವನಾ?” ಎಂದು ಕೇಳಿದರು. ಬಳಿದವರು ಬೀಗರೇ. ಆ ವಾರವಿಡೀ ಮನೆಯಲ್ಲಿ ಅವರಿಗೆ ಊಟಕ್ಕಿಂತ ಬೈಗುಳವೇ ಹೆಚ್ಚು ಸಿಕ್ಕಿತು.

ಇಷ್ಟು ಗೋಡೆಗಳಲ್ಲಿ ಅವರು ಬಾಯಿಬಿಟ್ಟು ಹೇಳಿಕೊಳ್ಳುತ್ತಿದ್ದದ್ದು ಒಂದೇ ಒಂದರ ಬಗ್ಗೆ. ನಗರದ ಆಚೆ ತುದಿಯಲ್ಲಿ, ನದಿಯ ದಂಡೆಯ ಮೇಲೆ, ಸಿಖ್ಖರ ಹಳೆಯ ಗುರುದ್ವಾರವಿತ್ತು. ಕಟ್ಟಿ ಇನ್ನೂರು ವರ್ಷದ ಮೇಲಾಗಿದ್ದ ಕಟ್ಟಡ. ಮದುವೆಯಾದ ವರ್ಷ ಅಲ್ಲಿನ ಪಡಸಾಲೆಗೆ ಸುಣ್ಣ ಬಳಿಯುವ ಕೆಲಸ ಅವರಿಗೆ ಸಿಕ್ಕಿತ್ತು. ದೀಪದ ಮಸಿ ಕೂತು ಕಪ್ಪಾಗಿದ್ದ ಎರಡು ದೊಡ್ಡ ಗೋಡೆ, ಮೂಡಲದ್ದು ಒಂದು, ಬಡಗಿನದ್ದು ಒಂದು. ಬಡಗು ಗೋಡೆ ಮುಗಿದ ದಿನ ಅಲ್ಲಿನ ದೊಡ್ಡವರೆಲ್ಲ ಬಂದು ಮಾತಿಲ್ಲದೆ ನಿಂತರಂತೆ.

“ಒಂದು ಗೆರೆ ಇಲ್ಲ, ಒಂದು ಉಬ್ಬಿಲ್ಲ. ಅದರ ಮೇಲೆ ಇನ್ಯಾರು ಏನು ಬಳಿದರೂ ಅಡೀಲಿರೋದು ನನ್ನ ಬಿಳುಪು,” ಎನ್ನುತ್ತಿದ್ದರು.

ಮಂಡಿ ಸವೆದು ಅವರು ಏಣಿಯಿಂದ ಇಳಿದದ್ದು ಹೋದ ವರ್ಷ. ಇಳಿದವರು ಮತ್ತೆ ಹತ್ತಲಿಲ್ಲ. ದಿನವಿಡೀ ಕುರ್ಚಿಯಲ್ಲಿ ಕೂತು ತಮ್ಮ ಮನೆಯ ಗೋಡೆಯನ್ನೇ ನೋಡುವ ಗಂಡನನ್ನು ಕಂಡು ಹೆಂಡತಿಗೆ ತಡೆಯಲಾಗಲಿಲ್ಲ.

“ಆ ಗೋಡೆ ಕಥೆ ಕೇಳೀ ಕೇಳೀ ನನ್ನ ಕಿವಿ ಒಳಗೂ ಸುಣ್ಣ ಮೆತ್ಕೊಂಡಿದೆ. ಒಂದ್ಸಲ ಕಣ್ಣಿಗಾದ್ರೂ ತೋರಿಸ್ರೀ.”

“ಎರಡು ಬಸ್ಸು ಬದಲಾಯಿಸ್ಬೇಕು ಕಣೇ.”

“ನಲವತ್ತೊಂದು ವರ್ಷ ನಿಮ್ಮನ್ನ ಬದಲಾಯಿಸ್ದೆ ಇದ್ದೀನಿ. ಬಸ್ಸು ಬದಲಾಯಿಸೋಕೆ ಆಗಲ್ವಾ?”

ಹಾಗೆ ಒಂದು ಭಾನುವಾರ ಬೆಳಗ್ಗೆ ಇಬ್ಬರೂ ಹೊರಟರು. ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡಿದ್ದರು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಅಲ್ಲಿ ಕೊಟ್ಟ ಬಟ್ಟೆಯನ್ನು ತಲೆಗೆ ಕಟ್ಟಿಕೊಂಡು, ಹರಿಯುವ ನೀರಲ್ಲಿ ಕಾಲು ತೊಳೆದರು. ಆಕೆ ಸೆರಗನ್ನು ತಲೆಯ ಮೇಲೆಳೆದುಕೊಂಡು, ಒಳಗಿಂದ ಬರುತ್ತಿದ್ದ ಹಾಡುಗಾರಿಕೆಗೆ ಕಿವಿಗೊಟ್ಟಳು. ಗುರುದ್ವಾರದ ಉಸ್ತುವಾರಿ ನೋಡಿಕೊಳ್ಳುವ ಬಿಳಿಗಡ್ಡದ ಹಿರಿಯರೊಬ್ಬರು ಎದುರಾಗಿ, “ಬನ್ನಿ ಬನ್ನಿ. ಪಡಸಾಲೇಲಿ ಕೆಲಸ ನಡೀತಿದೆ, ಸ್ವಲ್ಪ ಧೂಳು,” ಎಂದರು. ಸುಣ್ಣದಣ್ಣ ನಿಲ್ಲಲಿಲ್ಲ. ಮಂಡಿನೋವು ಮರೆತವರಂತೆ ಮುಂದೆ ಮುಂದೆ ಹೋದರು. ದಾರಿ ಅವರ ಕಾಲಿಗೆ ಗೊತ್ತಿತ್ತು.

ಪಡಸಾಲೆಯ ಹೊಸ್ತಿಲಲ್ಲಿ ಅವರು ಥಟ್ಟನೆ ನಿಂತುಬಿಟ್ಟರು. ಹಿಂದೆ ಬಂದ ಹೆಂಡತಿ ಅವರ ಬೆನ್ನಿಗೆ ಡಿಕ್ಕಿ ಹೊಡೆದಳು.

ಮೂಡಲ ಗೋಡೆ ಹುಣ್ಣೆದ್ದಂತೆ ಆಗಿತ್ತು. ಅಲ್ಲಲ್ಲಿ ಕೆರೆದ ಗುರುತು, ಅಲ್ಲಲ್ಲಿ ಸಿಪ್ಪೆ ಎದ್ದ ಬಿಳಿ ತೇಪೆ. ಅದರ ನಡುವಿಂದ, ಒಂದು ಅಂಗೈಯಗಲದ ಜಾಗದಿಂದ, ಒಬ್ಬ ಹೆಂಗಸು ಇಣುಕಿ ನೋಡುತ್ತಿದ್ದಳು. ಅರ್ಧ ಮುಖ, ಕಿವಿಯ ಓಲೆ, ಕೊಡ ಹಿಡಿದ ಒಂದು ಕೈ. ಉಳಿದರ್ಧ ಮುಖ ಸುಣ್ಣದ ಒಳಗೇ ಇತ್ತು.

ಗೋಡೆಗೆ ಒತ್ತಿ ಕಂಬ, ಹಲಗೆ ಕಟ್ಟಿದ ಸಾರುವೆಯ ಮೇಲೆ, ಹಣೆಗೆ ಭೂತಗನ್ನಡಿ ಕಟ್ಟಿಕೊಂಡು, ಸಣ್ಣ ಅಲಗು ಹಿಡಿದು ಕೂತಿದ್ದ ಮಹಿಳೆ ತಿರುಗಿದಳು. ಹಳೆಯ ಚಿತ್ರಗಳನ್ನು ಸರಿಪಡಿಸುವುದೇ ಅವಳ ಕೆಲಸ. ಆರು ತಿಂಗಳಿಂದ ಇಲ್ಲೇ ಇದ್ದಳು. ವಯಸ್ಸು ಮೂವತ್ತೈದರ ಸುಮಾರು, ಕಣ್ಣಿನ ಸುತ್ತ ಸುಣ್ಣದ ಧೂಳು.

“ಹತ್ತಿರ ಬಂದು ನೋಡಿ ಯಜಮಾನರೇ, ಪರವಾಗಿಲ್ಲ. ಗೋಡೆ ತುಂಬಾ ಚಿತ್ರ ಇತ್ತು, ಕೆರೆದ ಕಡೆಯೆಲ್ಲ ಒಂದೊಂದು ಚೂರು ಸಿಕ್ತು. ಬಳ್ಳಿ, ಗಿಳಿ, ದಾರಿಹೋಕರಿಗೆ ನೀರು ಕೊಡೋ ಜನ. ಇನ್ನೂರು ವರ್ಷದ ಹಿಂದಿನದು.”

“ಇದು… ಇದೆಲ್ಲ ಇಲ್ಲಿತ್ತಾ?” ಎಂದರು ಅವರು. ತಮ್ಮ ದನಿ ತಮಗೇ ಗುರುತು ಸಿಗಲಿಲ್ಲ.

“ಇತ್ತು. ಯಾವನೋ ಪುಣ್ಯಾತ್ಮ ಸುಣ್ಣ ಬಳಿದ. ಮೇಲಿನ ನಾಲ್ಕು ಪದರ ಬೆಣ್ಣೆ ಹಾಗೆ ಬಂತು, ಅದೆಲ್ಲ ಆಮೇಲಿನದು. ಎಲ್ಲಕ್ಕಿಂತ ಅಡೀದು, ಅವನದು, ಪಿಶಾಚಿ ಹಾಗೆ ಹಿಡ್ಕೊಂಡಿದೆ. ಏನು ಬೆರೆಸಿದ್ದನೋ! ಸುಣ್ಣ ಎಬ್ಬಿಸಿದ್ರೆ ಚಿತ್ರಾನೂ ಜೊತೆಗೇ ಏಳುತ್ತೆ. ಈ ಅರ್ಧ ಮುಖಕ್ಕೆ ಆರು ತಿಂಗಳು. ಅವನು ನನ್ನ ಕೈಗೆ ಸಿಗಬೇಕಿತ್ತು.”

ಹೆಂಡತಿ ಗಂಡನ ಮುಖ ನೋಡಿದಳು. ಆ ಮುಖದಲ್ಲಿ ರಕ್ತವಿರಲಿಲ್ಲ. ಅವರು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು, ಬಚ್ಚಿಡುವವರ ಹಾಗೆ.

“ಮೊದಲು ಊಟ ಮಾಡಿ, ಆಮೇಲೆ ನಿಧಾನಕ್ಕೆ ನೋಡಬಹುದು,” ಎಂದು ಹಿರಿಯರು ಅವರಿಬ್ಬರನ್ನು ಊಟದ ಮನೆಗೆ ಕರೆದೊಯ್ದರು.

ಅಲ್ಲಿ ಯಾರು ಎಲ್ಲಿಂದ ಬಂದವರೆಂದು ಕೇಳುವವರಿಲ್ಲ. ನೆಲದ ಮೇಲೆ ಉದ್ದ ಹಾಸು, ಸಾಲಾಗಿ ಕೂತ ಜನ. ಕಾರಿನಲ್ಲಿ ಬಂದವರ ಪಕ್ಕ ಗಾಡಿ ತಳ್ಳುವವರು. ಬಡಿಸುವವರು ಬಾಗಿ ಬಾಗಿ ಬಡಿಸುತ್ತಿದ್ದರು. ಸುಣ್ಣದಣ್ಣನ ತಟ್ಟೆ ತುಂಬಿತು. ಕೈ ಮಾತ್ರ ತೊಡೆಯ ಮೇಲಿಂದ ಏಳಲಿಲ್ಲ.

“ತಿನ್ರೀ.”

“ಗಂಟಲಲ್ಲಿ ಇಳಿಯಲ್ಲ.”

“ಮೊದಲು ಬಾಯಿಗಾದ್ರೂ ಹಾಕಿ, ಇಳಿಯುತ್ತೋ ಇಲ್ವೋ ಆಮೇಲೆ ನೋಡೋಣ.” ಆಕೆ ದನಿ ತಗ್ಗಿಸಿದಳು. “ಆವಾಗ ನಿಮಗೆ ಅದು ಕಾಣಿಸ್ತಿರಲಿಲ್ವಾ? ಆ ಹೆಂಗಸು?”

“ಮಸಿ ಕಣೇ. ಮಸಿಯೊಳಗೆ ಏನೋ ಬಣ್ಣ ಬಣ್ಣ ಇತ್ತು. ಮೂಲೇಲಿ ಒಂದು ಕೈ ಸುಣ್ಣ ಕೊಟ್ಟು ನೋಡಿದ್ರೆ ಆ ಬಣ್ಣ ಮೇಲೆ ಬರ್ತಿತ್ತು. ಇನ್ನೊಂದು ಕೊಟ್ಟೆ, ಮತ್ತೆ ಬಂತು. ಅದು ನನಗೆ ಕಾಟ ಅನ್ನಿಸ್ತು. ಅಷ್ಟೇ ನಾನು ನೋಡಿದ್ದು.”

“ಅದಕ್ಕೇ ಗಂಜಿ.”

ಅವರು ತಲೆ ಎತ್ತಿದರು.

“ಮರೆತುಬಿಟ್ರಾ? ಹೊಸದಾಗಿ ಬಂದ ಸೊಸೆ ಕೈಲಿ ಮೂರು ದಿನ ಹಂಡೆ ತುಂಬಾ ಗಂಜಿ ಕುದಿಸಿದ್ರಿ. ಮೊದಲು ಗಂಜಿ ಬಳೀಬೇಕು, ಆಗ ಬಣ್ಣ ಮೇಲೆ ಬರಲ್ಲ, ಆಮೇಲೆ ಸುಣ್ಣ ಅಂತ. ನನ್ನ ಅತ್ತೆ ಕೇಳಿದ್ರು, ‘ನಿನ್ನ ಗಂಡ ಆನೆ ಸಾಕಿದಾನಾ?’ ಅಂತ.” ಆಕೆ ನಗಲಿಲ್ಲ. “ಆ ಹುಡುಗಿ ಆರು ತಿಂಗಳಿಂದ ಏನು ಬೆರೆಸಿದ್ದಾನೆ ಅಂತ ತಲೆ ಚಚ್ಕೋತಿದಾಳೆ. ಗೊತ್ತಿರೋನು ಇಲ್ಲಿ ತಟ್ಟೆ ಮುಂದೆ ಕೂತಿದಾನೆ.”

“ಹೇಳಿದ್ರೆ ನಾನೇ ಅಂತ ಗೊತ್ತಾಗುತ್ತೆ.”

“ಹೌದು, ಗೊತ್ತಾಗುತ್ತೆ.”

ಜೀವಮಾನದಲ್ಲಿ ಅವರ ಹತ್ತಿರ ತಮ್ಮದು ಎನ್ನಲು ಇದ್ದದ್ದು ಆ ಗೋಡೆ. ಮಗಳಿಗೆ, ಅಳಿಯನಿಗೆ, ಚಹಾದಂಗಡಿಯಲ್ಲಿ ಪರಿಚಯವಿಲ್ಲದವರಿಗೆ ಹೇಳಿಕೊಂಡದ್ದು ಅದನ್ನೇ. ಕೊನೆಗೆ ತಟ್ಟೆಯಲ್ಲಿ ಬಿಡಬಾರದೆಂದು ಎಲ್ಲವನ್ನೂ, ರುಚಿ ತಿಳಿಯದೆ, ತಿಂದು ಎದ್ದರು.

ಪಡಸಾಲೆಗೆ ಬಂದು ಸಾರುವೆಯ ಕಂಬ ಹಿಡಿದು ನಿಂತರು.

“ತಾಯಿ, ಗಂಜಿ.”

“ಏನು?”

“ಚಿತ್ರಕ್ಕೂ ಸುಣ್ಣಕ್ಕೂ ನಡುವೆ ಗಂಜಿ ಇದೆ. ಅಕ್ಕಿ ಗಂಜಿ. ಅದಕ್ಕೇ ಹಿಡ್ಕೊಂಡಿರೋದು. ಬಳಿದೋನು ನಾನು.”

ಅವಳು ಹಣೆಯ ಭೂತಗನ್ನಡಿಯನ್ನು ಮೇಲೆ ತಳ್ಳಿ ನೋಡಿದಳು. ಕೈಯಲ್ಲಿನ ಅಲಗು ಗಾಳಿಯಲ್ಲೇ ನಿಂತಿತು. ಹಿಂದೆಯೇ ಬಂದಿದ್ದ ಹಿರಿಯರೂ ಹತ್ತಿರ ಸರಿದರು.

“ಉಪ್ಪು ಹಾಕಿದ್ರಾ?” ಎಂದು ಅವಳು ಕೊನೆಗೆ ಕೇಳಿದಳು.

ಉತ್ತರ ಕೊಟ್ಟವಳು ಹೆಂಡತಿ. “ಇಲ್ಲಮ್ಮ. ನುಚ್ಚಕ್ಕಿ, ಬರೀ ನೀರು. ಕರಗಿ ಅಂಟಾಗೋವರೆಗೂ ಕುದಿಸಿ, ಎರಡು ಸಲ ಸೋಸಿದ್ದು. ನಾನೇ ಮಾಡಿದ್ದು.”

ಚಿತ್ರ ಸರಿಪಡಿಸುವವಳು ಸಾರುವೆಯಿಂದ ಅರ್ಧ ಜಾರಿ, ಅರ್ಧ ಜಿಗಿದು ಇಳಿದಳು. ಕಡ್ಡಿಗೆ ಸುತ್ತಿದ ಹತ್ತಿಯನ್ನು ಬಾಯಿಗಿಟ್ಟುಕೊಳ್ಳಲು ಹೋದಳು.

“ಏಯ್, ಏನಮ್ಮ ಇದು!” ಹಿರಿಯರು ಗಾಬರಿಯಾದರು. “ಎಂಜಲು!”

“ಗಂಜಿ ಕರಗಿಸೋದು ಎಂಜಲೇ. ಎಂಜಲಲ್ಲಿರೋ ಆ ಸತ್ವ ಬಾಟಲೀಲೂ ಸಿಗುತ್ತೆ, ನಾಳೆ ತರಿಸ್ತೀನಿ. ಆದ್ರೆ ಇವತ್ತು ನೋಡದೆ ನನಗೆ ನಿದ್ದೆ ಬರಲ್ಲ.”

ಹಿರಿಯರು ಗಡ್ಡ ನೀವಿಕೊಂಡರು. “ಹೊರಗೆ ಹೋಗಿ ಒದ್ದೆ ಮಾಡ್ಕೊಂಡು ಬಾ. ನಾನು ಆ ಕಡೆ ತಿರುಗಿರ್ತೀನಿ,” ಎಂದು ನಿಜವಾಗಿಯೂ ತಿರುಗಿ ನಿಂತರು.

ಮತ್ತೆ ಸಾರುವೆ ಹತ್ತಿ, ಅಲಗಿನಿಂದ ತೆಳುವಾಗಿಸಿದ ಸುಣ್ಣದ ಮೇಲೆ ಅವಳು ಒದ್ದೆ ಹತ್ತಿಯನ್ನು ಉರುಳಿಸಿದಳು. ಕಾದಳು. ಮತ್ತೆ ಉರುಳಿಸಿದಳು. ಇಪ್ಪತ್ತು ನಿಮಿಷಕ್ಕೆ ಬಿಳಿಯ ಚೂರೊಂದು ಬಾಳೆಹಣ್ಣಿನ ಸಿಪ್ಪೆಯಂತೆ ಮೆತ್ತಗೆ ಕಳಚಿ ಬಂತು. ಅಡಿಯಲ್ಲಿ ಕಣ್ಣಿತ್ತು. ರೆಪ್ಪೆ, ಕಾಡಿಗೆಯ ಗೆರೆ, ಅಂಚಿನ ಕೆಂಪು, ಎಲ್ಲವೂ ನಿನ್ನೆ ಬರೆದಂತೆ. ಆ ಹೆಂಗಸು ಈಗ ಎರಡು ಕಣ್ಣಿಂದ ಸುಣ್ಣದಣ್ಣನನ್ನು ನೋಡಿದಳು. ಅವರು ಒಂದು ಹೆಜ್ಜೆ ಹಿಂದೆ ಸರಿದರು.

“ಅಯ್ಯೋ, ಗಂಜಿಯೇ ಬಣ್ಣ ಕಾಪಾಡಿದೆ ಯಜಮಾನರೇ! ನಿಮ್ಮನ್ನ ಎಷ್ಟು ಬೈದೆ ನಾನು!” ಅವಳು ನಗುತ್ತಲೂ ಇದ್ದಳು, ಮೂಗು ಒರೆಸಿಕೊಳ್ಳುತ್ತಲೂ ಇದ್ದಳು. “ಹಾಗಾದ್ರೆ ಬಡಗು ಗೋಡೆನೂ ಹೀಗೇ ಬರುತ್ತೆ. ಅದನ್ನಿನ್ನೂ ಮುಟ್ಟೇ ಇಲ್ಲ. ಅಲ್ಲೂ ಗಂಜಿ ತಾನೇ?”

ಬಡಗು ಗೋಡೆ ಅವರ ಎಡಗಡೆಗಿತ್ತು. ಇಡೀ ಗೋಡೆ, ಒಂದು ಗೆರೆಯಿಲ್ಲದೆ, ಒಂದು ಉಬ್ಬಿಲ್ಲದೆ. ಅವರು ಅದರತ್ತ ತಿರುಗಲಿಲ್ಲ.

“ಅಲ್ಲಿ ಗಂಜಿ ಇಲ್ಲ ತಾಯಿ.”

“ಮತ್ತೆ?”

“ಈ ಗೋಡೆ ಮುಗಿದ ಮೇಲೆ ಸಂಜೆ ಬಿಸಿಲಲ್ಲಿ ನೋಡ್ದೆ. ಅಲ್ಲಲ್ಲಿ ಉಬ್ಬು ಕಾಣ್ತಿತ್ತು, ಬಣ್ಣ ದಪ್ಪ ಇದ್ದ ಕಡೆ. ನನಗೆ ಸಮಾಧಾನ ಆಗಲಿಲ್ಲ. ಅದಕ್ಕೆ ಆ ಗೋಡೆಯನ್ನ ಮೊದಲು…” ಅವರ ಬಲಗೈ ತಾನಾಗಿಯೇ ಗಾಳಿಯಲ್ಲಿ ಹಿಂದೆ ಮುಂದೆ ಆಡಿತು. “ಕಲ್ಲಲ್ಲಿ ಉಜ್ಜಿದೆ. ಆರು ದಿನ. ಗಾರೆ ಕಾಣೋವರೆಗೂ.”

ಅವಳು ಸಾರುವೆ ಇಳಿದು ಬಣ್ಣದ ಡಬ್ಬದ ಮೇಲೆ ಕೂತುಬಿಟ್ಟಳು.

“ಬೆಳ್ಳಗೆ ಮಾಡಿ ಅಂದವರು ನಮ್ಮವರೇ,” ಎಂದರು ಹಿರಿಯರು ಮೆಲ್ಲಗೆ. “ತಪ್ಪು ನಿಮ್ಮೊಬ್ಬರದ್ದಲ್ಲ.”

“ಬೆಳ್ಳಗೆ ಮಾಡು ಅಂದ್ರು, ನಿಜ. ಉಜ್ಜು ಅಂತ ಯಾರೂ ಹೇಳಿರಲಿಲ್ಲ.”

ಹೆಂಡತಿ ಆ ಗೋಡೆಯ ಹತ್ತಿರ ಹೋಗಿ, ಇಷ್ಟು ವರ್ಷ ಕೇಳಿದ ಬಿಳುಪಿನ ಮೇಲೆ ಅಂಗೈ ಇಟ್ಟಳು. ನಿಜವಾಗಿಯೂ ಕನ್ನಡಿಯಷ್ಟು ನುಣುಪಾಗಿತ್ತು. ಆಕೆ ಕೈಯನ್ನು ಸುಟ್ಟವಳಂತೆ ಹಿಂದಕ್ಕೆ ತೆಗೆದಳು.

ಡಬ್ಬದ ಮೇಲೆ ಕೂತಿದ್ದವಳು ಅಲ್ಲಿಂದಲೇ ಕೇಳಿದಳು. “ಅಲ್ಲಿ ಏನಿತ್ತು? ಹಳೇ ಫೋಟೋ ಒಂದೂ ಇಲ್ಲ. ನೋಡಿದೋರು ಯಾರೂ ಉಳಿದಿಲ್ಲ. ನೀವೊಬ್ಬರೇ.”

“ಕೆಂಪು,” ಎಂದರು ಅವರು.

“ಕೆಂಪು ಏನು? ಬಟ್ಟೆಯಾ? ಕುದುರೆಯಾ? ಸೂರ್ಯನಾ?”

“ನೋಡ್ಲಿಲ್ಲ ತಾಯಿ. ಹೋಯ್ತಾ ಇಲ್ವಾ ಅಂತ ಮಾತ್ರ ನೋಡ್ತಿದ್ದೆ.” ಅವರು ಬಲಗೈಯನ್ನು ತಿರುಗಿಸಿ ನೋಡಿಕೊಂಡರು. “ಒಂದಿಡೀ ದಿನ ಹಿಡೀತು ಆ ಕೆಂಪಿಗೆ. ಕೈಗೆ ಗೊತ್ತಿದೆ, ಎಲ್ಲಿಂದ ಎಲ್ಲಿಗೆ ಅಂತ.”

“ತೋರಿಸ್ತೀರಾ?”

ಅವರು ಗೋಡೆಗೆ ಎದೆ ತಾಗುವಷ್ಟು ಹತ್ತಿರ ಹೋಗಿ ಕಣ್ಣು ಮುಚ್ಚಿದರು. ಎಡಗೈಯನ್ನು ಭುಜದ ಎತ್ತರಕ್ಕೆ ಇಟ್ಟರು. ಬಲಗೈ ಸ್ವಲ್ಪ ತಡಕಾಡಿ, ಮೇಲೇರಿ, ಬಾಗಿ, ಒಂದು ಕಡೆ ನಿಂತಿತು. “ಇಲ್ಲಿಂದ ಇಲ್ಲಿವರೆಗೆ. ಇಲ್ಲಿ ದುಂಡಗೆ ತಿರುಗ್ತಿತ್ತು.”

“ಅಲ್ಲಾಡಬೇಡಿ,” ಎನ್ನುತ್ತ ಅವಳು ಎದ್ದು, ಜೇಬಿನಿಂದ ಅಳತೆಯ ಟೇಪು ತೆಗೆದು, ಒಂದು ತುದಿಯನ್ನು ಹಿಡಿಯಲು ಹಿರಿಯರ ಕೈಗೆ ಕೊಟ್ಟಳು. ಅಳತೆಯನ್ನು ಪುಸ್ತಕದಲ್ಲಿ ಬರೆದುಕೊಂಡಳು. “ಇನ್ನೆಲ್ಲೆಲ್ಲಿ ಬಣ್ಣ ಗಟ್ಟಿ ಇತ್ತು? ನಿಧಾನಕ್ಕೆ ನೆನಪು ಮಾಡ್ಕೊಳ್ಳಿ.”

ಚಾಚಿದ ತೋಳು ನಡುಗತೊಡಗಿತು. ಅವರು ಇಳಿಸಲಿಲ್ಲ. ಹೆಂಡತಿ ಬಂದು ಅವರ ಮೊಣಕೈಗೆ ಕೆಳಗಿಂದ ಅಂಗೈ ಕೊಟ್ಟು ನಿಂತಳು.