ಪೈಪ್‌ಲೈನ್ ಮೇಲಿನ ತೆಂಗಿನ ಸಸಿ

ಗುಬ್ಬಿ ಹತ್ತಿರದ ನಮ್ಮ ತೋಟದ ಅಡಿಯಲ್ಲಿ ಗ್ಯಾಸ್ ಪೈಪ್‌ಲೈನ್ ಹೋಗಿದೆ. ಅದರ ಮೇಲೆ ಮರ ಬೆಳೆಸಬಾರದೆಂದು ಗೊತ್ತಿದ್ದೂ, ಖಾಲಿ ಜಾಗ ಕಂಡರೆ ಕೈ ಸುಮ್ಮನಿರದ ನಾನು ತೆಂಗಿನ ಸಸಿ ನೆಟ್ಟಿದ್ದೆ. ಒಂದು ದಿನ ಸರ್ಕಾರದ ಅಧಿಕಾರಿಯೊಬ್ಬರು ತಪಾಸಣೆಗೆ ಬಂದರು, ಹೆಣ್ಣುಮಗಳು. ಜೊತೆಗಿದ್ದ ಗ್ಯಾಸ್ ಕಂಪನಿಯ ಮ್ಯಾನೇಜರ್ ಸಸಿ ಕಂಡದ್ದೇ ನನ್ನ ಮೇಲೆ ರೇಗಾಡಿದ. ನನಗೂ ಪಿತ್ತ ನೆತ್ತಿಗೇರಿತು. ಆಕೆ ಮಾತ್ರ ತಣ್ಣಗೆ ನನ್ನನ್ನು ಕೇಳಿದರು, "ನೆಟ್ಟು ಎಷ್ಟು ದಿನ ಆಯ್ತು?"

"ಮೂರು ವರ್ಷ ಆಯ್ತು ಕಣಮ್ಮ."

ಆಕೆ ಮ್ಯಾನೇಜರ್ ಕೈಲಿದ್ದ ರಿಜಿಸ್ಟರ್ ತೆರೆದರು. ತಿಂಗಳು ತಿಂಗಳೂ ಪೈಪ್‌ಲೈನ್ ಉದ್ದಕ್ಕೂ ನಡೆದು ನೋಡಿದ್ದೇವೆ, ಏನೂ ಅಡ್ಡಿಯಿಲ್ಲ ಎಂದು ಕಂಪನಿಯವರು ಸಹಿ ಹಾಕಿದ್ದರು.

"ನಿಮ್ಮೋರು ನಡೆದಿದ್ರೆ ಈ ಗರಿ ಮುಖಕ್ಕೆ ಹೊಡೀತಿತ್ತಲ್ರೀ," ಎಂದವರೇ ಅಲ್ಲೇ ನಿಂತು ಕಂಪನಿಗೆ ನೋಟಿಸ್ ಬರೆದರು.

ಆಮೇಲೆ ನನ್ನ ಕಡೆ ತಿರುಗಿದರು. ಅವರು ಬಾಯಿ ತೆರೆಯುವ ಮೊದಲೇ ನಾನು ಸಸಿ ಕೀಳಲು ಗುದ್ದಲಿ ಹಿಡಿದಿದ್ದೆ.