ಹದಿನೇಳು ವರ್ಷದ ಮಳೆ

ಹುಣಸೂರಿನ ಬಸ್ ಸ್ಟ್ಯಾಂಡಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಟೈಪಿಂಗ್ ಕಲಿಸುವವರ ಮಹಡಿಯ ಮೇಲೆ, ಒಂದು ಕಂಪ್ಯೂಟರ್ ಸೆಂಟರ್ ಇತ್ತು. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಕೆ.ಆರ್. ನಗರದಿಂದ ದಿನಾ ಬಸ್ಸಿನಲ್ಲಿ ಹೋಗಿ ಅಲ್ಲಿ ಪಾಠ ಹೇಳುತ್ತಿದ್ದೆ. ಆರು ಕಂಪ್ಯೂಟರ್, ಅದರಲ್ಲೊಂದು ಯಾವಾಗಲೂ ಕೆಟ್ಟಿರುತ್ತಿತ್ತು. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಹೆಚ್ಚು ಜನ ಬರುತ್ತಿರಲಿಲ್ಲ. ಕೆಳಗಿನಿಂದ ಟೈಪ್‌ರೈಟರುಗಳ ಸದ್ದು ಏರಿ ಬರುತ್ತಿತ್ತು. ಕಪ್ಪು ಪರದೆಯಲ್ಲಿ ಮಿಣುಕುವ ಸಣ್ಣ ಗೆರೆಯನ್ನೇ ನೋಡುತ್ತ ಕೂತರೆ ನಿದ್ದೆಯೂ ಅಲ್ಲದ, ಎಚ್ಚರವೂ ಅಲ್ಲದ ಒಂದು ಜಾಗಕ್ಕೆ ಹೋಗಿಬಿಡುತ್ತಿದ್ದೆ.

ಪಿರಿಯಾಪಟ್ಟಣ ತಾಲ್ಲೂಕಿನ ಹಾರನಹಳ್ಳಿ ಕಡೆಯ ಒಬ್ಬ ಹುಡುಗಿ ಆ ಹೊತ್ತಿಗೇ ಕಲಿಯಲು ಬರುತ್ತಿದ್ದಳು. ಒಂದು ಶನಿವಾರ ಅವಳ ತಾಯಿಯೂ ಜೊತೆಗೆ ಬಂದರು. ಚಪ್ಪಲಿ ಹೊರಗೆ ಬಿಟ್ಟು, ಗೋಡೆಗೆ ಒತ್ತಿ ಕೂತು, ಮಗಳ ಬೆರಳುಗಳನ್ನು ಬಹಳ ಹೊತ್ತು ನೋಡಿದರು.

"ಇದು ಏನ್ ಮಾಡ್ತದೆ ಮೇಡಮ್ಮೋರೆ?"

"ನಾವು ಹೇಳಿದ್ದನ್ನ ನೆನಪಿಟ್ಕೊಳ್ಳುತ್ತೆ ಅಮ್ಮ."

"ಎಷ್ಟ್ ವರ್ಸ ಮಡೀಕತದೆ?"

"ಎಷ್ಟು ವರ್ಷ ಬೇಕಾದ್ರೂ."

ಅವರು ಸ್ವಲ್ಪ ಯೋಚಿಸಿ ಕೇಳಿದರು, "ಗೆದ್ಲು ಇಡಿಯಾಕಿಲ್ವ?"

ಮುಂದಿನ ಶನಿವಾರ ಅವರು ಒಂದು ಚೀಲ ತಂದರು. ಒಳಗೆ ಸುರುಳಿ ಸುತ್ತಿ, ಹೊಗೆಸೊಪ್ಪು ಪೋಣಿಸುವ ದಾರದಿಂದ ಕಟ್ಟಿದ ಹಳೆಯ ಗೋಡೆ ಕ್ಯಾಲೆಂಡರುಗಳಿದ್ದವು. ಮದುವೆಯಾಗಿ ಬಂದಾಗ ಅವರ ಮಾವನಿಗೆ ಕಣ್ಣು ಮಂಜಾಗಿತ್ತಂತೆ. ದಿನಾ ಸಂಜೆ ಮಾವ, ಮಳೆ ಹೇಗೆ ಹುಯ್ಯಿತು, ಹೋದ ವರ್ಷ ಈ ಹೊತ್ತಿಗೆ ಹೇಗಿತ್ತು ಎಂದು ಕೇಳುತ್ತಿದ್ದರಂತೆ. ಉತ್ತರ ಹೇಳಲಿಕ್ಕಾಗಿ ಸೊಸೆ ಗುರುತು ಹಾಕತೊಡಗಿದರು. ತುಂತುರಾದರೆ ಕ್ಯಾಲೆಂಡರಿನ ಆ ದಿನದ ಮನೆಯಲ್ಲಿ ಒಂದು ಚುಕ್ಕಿ. ಉಳುವಷ್ಟು ಹದವಾದರೆ ಒಂದು ಗೀಟು. ಕೆರೆಗೆ ನೀರು ಬರುವಂಥ ಮಳೆಗೆ ದುಂಡಗೆ ಒಂದು ಸುತ್ತು. ಮಾವ ಹೋದ ಮೇಲೂ ಕೈ ನಿಲ್ಲಲಿಲ್ಲ. ಎರಡು ವರ್ಷದ್ದನ್ನು ಗೆದ್ದಲು ತಿಂದಿತ್ತು. ಉಳಿದದ್ದು ಹದಿನೇಳು ವರ್ಷದ್ದು.

ನಮ್ಮದು ನಾಲೆ ನೀರಿನ ಊರು. ಮಳೆ ಬಂದರೆ ಅಂಗಳದ ಬಟ್ಟೆ ತೆಗೆಯಬೇಕು ಎನ್ನುವುದಕ್ಕಿಂತ ಹೆಚ್ಚು ಯೋಚಿಸಿದವಳೇ ಅಲ್ಲ ನಾನು. ಆದರೂ ಆ ಸುರುಳಿಗಳನ್ನು ಬಿಚ್ಚಿದ ಮೇಲೆ ಮತ್ತೆ ಸುತ್ತಿಡಲು ಮನಸ್ಸಾಗಲಿಲ್ಲ. ಯಾರೂ ಹೇಳದೆ, ಯಾರೂ ಕೇಳದೆ, ಅವುಗಳಿಗಾಗಿ ಒಂದು ಪ್ರೋಗ್ರಾಂ ಬರೆಯಲು ಕೂತೆ.

ಮಗಳು ದಿನಕ್ಕೊಂದರಂತೆ ಸಾಲಾಗಿ ಓದುತ್ತಿದ್ದಳು: ಇಲ್ಲ, ಇಲ್ಲ, ಚುಕ್ಕಿ, ಗೀಟು, ಇಲ್ಲ. ನಾನು ಕೀ ಒತ್ತುತ್ತಿದ್ದೆ. ಫ್ಯಾನು ತಿರುಗುತ್ತಿತ್ತು, ಕರೆಂಟು ಹೋದರೆ ನಿಲ್ಲುತ್ತಿತ್ತು. ಹೊರಗೆ ಬಿಸಿಲು. ಒಳಗೆ ನಾವಿಬ್ಬರೂ ಯಾವುದೋ ವರ್ಷದ ಶ್ರಾವಣದಲ್ಲಿ ನೆನೆಯುತ್ತಿದ್ದೆವು. ಸಂಜೆ ಲಕ್ಷ್ಮಣತೀರ್ಥದ ಸೇತುವೆಯ ಮೇಲೆ ನಿಂತರೆ ನೀರಿನ ಮೇಲೆಯೂ ನನಗೆ ಮುಂದಿನ ಸಾಲಿನ ಕೋಡ್ ಕಾಣುತ್ತಿತ್ತು.

ಮೊದಲು ತೋರಿಸಿದ್ದು ಬರೀ ಅಂಕಿಗಳ ಪಟ್ಟಿ. ತಾಯಿ ನೋಡಿ ಮೆಲ್ಲಗೆ ಹೇಳಿದರು, "ಇದು ಮಳೆ ಅಂಗೆ ಕಾಣಾಕಿಲ್ಲ ಕಣವ್ವ." ಅವರು ಹೇಳಿದ್ದು ನಿಜವಾಗಿತ್ತು. ಅದನ್ನೆಲ್ಲ ಅಳಿಸಿ ಇನ್ನೊಂದು ಬಗೆಯಲ್ಲಿ ಬರೆದೆ. ಒಂದು ಪರದೆಗೆ ಒಂದು ವರ್ಷ. ದಿನಕ್ಕೊಂದು ಗೆರೆ, ಮೇಲಿನಿಂದ ಇಳಿಬಿದ್ದದ್ದು. ತುಂತುರಿಗೆ ಗಿಡ್ಡ, ಹದಕ್ಕೆ ಉದ್ದ, ಕೆರೆ ಮಳೆಗೆ ಪರದೆಯ ತಳ ಮುಟ್ಟುವಷ್ಟು. ಕೆಳಗೆ ಭರಣಿ, ಕೃತ್ತಿಕೆ, ರೋಹಿಣಿ ಎಂದು ಮಳೆಗಳ ಗಡಿ.

ಅವರು ಪರದೆಯ ಹತ್ತಿರ ಜರುಗಿ ಕೂತರು. "ಈ ವರ್ಸ ಮಗೆ ಕೈ ಕೊಡ್ತು," ಎಂದರು. ಮಘಾ ಮಳೆಯ ಜಾಗ ಖಾಲಿ ಇತ್ತು. ನಾನು ಒಂದು ಮಾತನ್ನೂ ವಿವರಿಸಿರಲಿಲ್ಲ.

ಮಗಳು ಹುಟ್ಟಿದ ವರ್ಷವನ್ನು ತೋರಿಸಲು ಹೇಳಿದರು. ನೋಡುತ್ತ ನೋಡುತ್ತ ಹುಬ್ಬು ಗಂಟಿಕ್ಕಿದರು.

"ಇವ್ಳು ಉಟ್ಟಿದ ದಿನ ಮಳೆ ಇಲ್ಲ ಅಂತದಲ್ಲವ್ವ ಇದು."

"ಮಾರನೇ ದಿನ ತೋರಿಸ್ತಿದೆ ಅಮ್ಮ."

"ಮಾರನೆ ದಿನ ಬಿಸ್ಲು. ಅವತ್ತೇ ಉಯ್ದಿದ್ದು. ನಡುಮನೇಲಿ ಮನಗಿದ್ದೆ, ಎಂಚಿನ ಮ್ಯಾಗಳ ಸದ್ದು ಈಗ್ಲೂ ಕಿವೀಲದೆ."

ಕ್ಯಾಲೆಂಡರ್ ತೆಗೆದು ನೋಡಿದೆ. ಸುತ್ತು ಹುಟ್ಟಿದ ದಿನದ ಮೇಲೆಯೇ ಇತ್ತು. ಅದು ಅಧಿಕ ವರ್ಷ. ಫೆಬ್ರವರಿಗೆ ಇಪ್ಪತ್ತೊಂಬತ್ತು ದಿನವಿರುತ್ತದೆ ಎನ್ನುವುದನ್ನು ನಾನು ಮರೆತಿದ್ದರಿಂದ ಮಾರ್ಚಿನಿಂದಾಚೆಯ ಮಳೆಯೆಲ್ಲ ಒಂದೊಂದು ದಿನ ಮುಂದಕ್ಕೆ ಜರುಗಿ ಬಿದ್ದಿತ್ತು. ಸರಿಮಾಡಲು ಎರಡೇ ಸಾಲು ಸಾಕಾಯಿತು. ಉದ್ದನೆಯ ಗೆರೆ ತನ್ನ ಜಾಗಕ್ಕೆ ಬಂದು ನಿಂತಾಗ ತಾಯಿ ಮಗಳ ಕಡೆ ತಿರುಗಿ, "ನೋಡು, ನೀನು ಬಂದಿದ್ದು ಇಂಗೆ," ಎಂದರು. ಆ ದಿನ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಕೆ.ಆರ್. ನಗರದವರೆಗೂ ನಿಂತೇ ಹೋದೆ. ಕಾಲು ನೆಲದ ಮೇಲಿತ್ತೆಂಬ ನೆನಪೇ ಇಲ್ಲ.

ಇನ್ನೊಂದು ವರ್ಷದಲ್ಲಿ ಆರಿದ್ರದಿಂದ ಪುಷ್ಯದವರೆಗೆ ಒಂದು ಗೆರೆಯೂ ಇರಲಿಲ್ಲ. ಅಷ್ಟು ದೊಡ್ಡ ಬರವೇ ಎಂದುಕೊಂಡು ಕೇಳಿದೆ.

"ಉಯ್ದಿತ್ತು ಅಂತಾರೆ. ನಾ ಊರಲ್ಲಿರ್ನಿಲ್ಲ. ನಮ್ಮೆಜಮಾನ್ರು ಮೈಸೂರಲ್ಲಿ ಆಸ್ಪತ್ರೇಲಿದ್ರು. ಬದುಕಿದ್ರಲ್ಲ, ಅದೇ ಸಾಕಾಯ್ತು."

"ಹಾಗಾದ್ರೆ ಆ ದಿನಗಳನ್ನ ಯಾರನ್ನಾದ್ರೂ ಕೇಳಿ ತುಂಬ್ಸೋಣ್ವ?"

"ಬ್ಯಾಡ ಕಣವ್ವ. ನಾ ನೋಡ್ದೆ ಇರೋದ ಬರಿಬ್ಯಾಡ. ಆದ್ರೆ ಮಳೆ ಬರ್ನಿಲ್ಲ ಅಂತ್ಲೂ ಬರಿಬ್ಯಾಡ."

ನನ್ನ ಪ್ರೋಗ್ರಾಮಿಗೆ ಖಾಲಿ ಎಂದರೆ ಮಳೆ ಇಲ್ಲ ಎಂದಷ್ಟೇ ಗೊತ್ತಿತ್ತು. ಬಾರದ ಮಳೆ ಬೇರೆ, ಕಾಣದ ಮಳೆ ಬೇರೆ ಎಂದು ಅದಕ್ಕೆ ಕಲಿಸಬೇಕಾಗಿತ್ತು. ಒಂದು ವಾರ ಹಿಡಿಯಿತು, ಮುಕ್ಕಾಲು ಪಾಲನ್ನು ಬಿಚ್ಚಿ ಮತ್ತೆ ಕಟ್ಟಿದೆ. ಕೊನೆಗೆ ಆ ನಲವತ್ತು ದಿನಗಳ ಮೇಲೆ ತೆಳುವಾದ ಮೋಡದಂಥ ಒಂದು ಪಟ್ಟಿ ಎಳೆದೆ. ಅವರು ನೋಡಿ, "ಊಂ, ಇಂಗೇ ಇತ್ತು," ಎಂದರು.

ಕೋರ್ಸು ಮುಗಿಯಿತು. ಹದಿನೇಳು ವರ್ಷವನ್ನೂ ಒಂದಕ್ಕೊಂದು ಅಂಟಿಕೊಂಡ ಉದ್ದನೆಯ ಪ್ರಿಂಟರ್ ಕಾಗದದಲ್ಲಿ ಅಚ್ಚು ತೆಗೆದು, ಮಡಿಸಿ, ಅವರ ಕೈಗೆ ಕೊಟ್ಟೆ. ಆಮೇಲೆ ನಾನು ಮೈಸೂರಿನ ಒಂದು ಕಂಪನಿ ಸೇರಿದೆ. ಅಲ್ಲಿ ವರ್ಷಕ್ಕೊಮ್ಮೆ ಒಂದು ಫಾರಂ ತುಂಬಿಸುತ್ತಿದ್ದರು. ಕೆಲಸದಲ್ಲಿ ನಿಮಗೆ ಹುರುಪು ಕೊಡುವುದು ಏನು ಎಂದು ಅದರಲ್ಲೊಂದು ಪ್ರಶ್ನೆ. ಪಕ್ಕದ ಸೀಟಿನವರು ಸಂಬಳ ಎಂದು ನೇರವಾಗಿ ಹೇಳುತ್ತಿದ್ದರು. ಅವರ ಮನೆಗೆ ಅದು ಬೇಕಿತ್ತು. ಇನ್ನೊಬ್ಬರಿಗೆ ಬಿಡಿಸಲಾರದ ಗಂಟೊಂದು ಸಿಕ್ಕರೆ ಊಟವೂ ಬೇಡ. ನನಗೆ ಆ ಎರಡೂ ಸುಳ್ಳಲ್ಲ. ಆದರೆ ನಾವು ಬರೆದದ್ದನ್ನು ಯಾರು, ಯಾವ ಊರಲ್ಲಿ ಕೂತು ನೋಡುತ್ತಾರೋ ತಿಳಿಯುತ್ತಿರಲಿಲ್ಲ. ಆ ಪ್ರಶ್ನೆಯ ಮುಂದೆ ಪೆನ್ನು ಹಿಡಿದು ಬಹಳ ಹೊತ್ತು ಕೂರುತ್ತಿದ್ದೆ. ಆಮೇಲೆ ಎಲ್ಲರೂ ಬರೆಯುವುದನ್ನೇ ಬರೆದು ಕೊಡುತ್ತಿದ್ದೆ.

ಎರಡು ವರ್ಷದ ಮೇಲೆ ಒಂದು ಭಾನುವಾರ ಆ ತಾಯಿ ಮಗಳ ಊರಿಗೆ ಹೋದೆ. ಭರಣಿ ಮಳೆಗೆ ಎಲ್ಲರೂ ಕಾಯುತ್ತಿದ್ದ ದಿನಗಳು. ಅವರ ಮನೆಯ ಜಗಲಿಯ ಮೇಲೆ ಆ ಕಾಗದ ಉದ್ದಕ್ಕೂ ಹಾಸಿತ್ತು. ಗಾಳಿಗೆ ಹಾರದಂತೆ ಅಲ್ಲಲ್ಲಿ ಕಲ್ಲು ಇಟ್ಟಿದ್ದರು; ಸವೆದ ಮಡಿಕೆಗಳನ್ನು ಅನ್ನದ ಗಂಜಿಯಿಂದ ಅಂಟಿಸಿದ್ದರು. ನಾಲ್ಕಾರು ಜನ ಅಕ್ಕಪಕ್ಕದವರು ಬಗ್ಗಿ ನೋಡುತ್ತಿದ್ದರು.

"ಹೊಗೆಸೊಪ್ಪಿನ ಸಸಿ ಈಗ್ಲೇ ನೆಟ್ಟೀಯಾ? ಇಲ್ನೋಡು, ಮೂರು ವರ್ಸ ಭರಣಿ ಬಂದು ಕೃತ್ತಿಕೆ ಓಯ್ತು," ಎಂದು ಒಬ್ಬರು.

"ಅದಕ್ಕೂ ಇದಕ್ಕೂ ಏನ್ ಸಂಬಂದ ಬುಡು," ಎಂದು ಇನ್ನೊಬ್ಬರು.

ತಾಯಿ ನನಗೆ ಒಳಗಿನಿಂದ ಕಾಫಿ ತಂದುಕೊಟ್ಟು ಅವರ ನಡುವೆ ಕೂತರು. ನಾನು ಜಗಲಿಯ ಅಂಚಿನಲ್ಲಿ ಕೂತಿದ್ದೆ. ಮಾತು ಬೆಳೆಯಿತು, ಯಾರದೋ ಬೆರಳು ಗೆರೆಯಿಂದ ಗೆರೆಗೆ ಸರಿಯುತ್ತಿತ್ತು. ಅದನ್ನು ಮಾಡಿದವರು ಯಾರು ಎಂದು ಒಬ್ಬರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಕಾಫಿ ಆರುವ ತನಕ ಹಾಗೇ ಕೇಳುತ್ತ ಕೂತಿದ್ದೆ.